ಬಸಳೆ ಚಪ್ಪರದ ಗಂಡು ಜಿಗಿಹುಳು

ಗೆಳೆಯರೇ, ಮೂಡುಬಿದಿರೆಯ ನಮ್ಮ ಬಾಡಿಗೆಮನೆಯ ಒಡತಿ ಜಮೀಲಕ್ಕ ಇವತ್ತು ಬಸಳೆಗೆ ಬೇವಿನೆಣ್ಣೆ ಹೊಡೆಯಲು ಬಂದಾಗ ನಾನು ಅಡ್ಡ ನಿಂತೆ. ಎಲೆಯಡಿ ರಸ ಹೀರುತ್ತ, ಅಕ್ಕಿಕಾಳಿಗಿಂತ ಸಣ್ಣ, ನೀಲಿ ಪಟ್ಟೆಯ ಜಿಗಿಹುಳುಗಳಿದ್ದವು. ಕಾಲೇಜಿನಲ್ಲಿ ಕೀಟಗಳ ಪಾಠ ಮಾಡುವ ನಾನು ಅಂಥ ಬಣ್ಣದ್ದನ್ನು ಕಂಡಿರಲಿಲ್ಲ.

ಒಂದನ್ನು ಹಿಡಿದು ನನ್ನ ಕೋಣೆಯ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಹಿಂಗಾಲಿನುದ್ದಕ್ಕೂ ಮುಳ್ಳಿನ ಸಾಲುಗಳಿದ್ದವು. ಜಿಗಿಹುಳುವೇ ಹೌದು, ಆದರೆ ಹೆಣ್ಣು.

"ಹೆಸರೆಂತ ಟೀಚರೇ?"

"ಹೆಣ್ಣಿನಲ್ಲಿ ಗೊತ್ತಾಗುದಿಲ್ಲ ಅಕ್ಕ. ಗಂಡಿನ ಹೊಟ್ಟೆಯ ತುದಿ ಬಿಡಿಸಿ, ಒಳಗಿನ ಜನನಾಂಗದ ಆಕಾರ ನೋಡ್ಬೇಕು."

"ಹೆಣ್ಣಿಗೆ ಸ್ವಂತ ಹೆಸರಿಲ್ವಾ? ಇದೆಂಥ ಶಾಸ್ತ್ರ ಮಾರಾಯ್ರೆ!"

ಬೈಯುತ್ತಲೇ ಅವರು ಚಾ ಸೋಸುವ ಜಾಲರಿ ಹಿಡಿದು ನನ್ನೊಂದಿಗೆ ಹುಡುಕಿದರು. ಮಧ್ಯಾಹ್ನದ ಹೊತ್ತಿಗೆ ಗಂಡು ಸಿಕ್ಕಿತು. ಸೂಜಿಯಿಂದ ನಾಜೂಕಾಗಿ ಬಿಡಿಸಿ ನೋಡಿದರೆ, ಒಳಗೆ ಜಿಂಕೆಯ ಕೊಂಬಿನಂತೆ ಕವಲೊಡೆದ ಪುಟ್ಟ ಅಂಗ! ನನ್ನ ಪುಸ್ತಕಗಳ ಯಾವ ಚಿತ್ರಕ್ಕೂ ಅದು ಹೊಂದಲಿಲ್ಲ.

"ಹೊಸದೇ ಇರಬಹುದು ಅಕ್ಕ. ಖಾತ್ರಿ ಮಾಡ್ಲಿಕ್ಕೆ ಇನ್ನೂ ನಾಲ್ಕು ಗಂಡು ಬೇಕು."

"ನನಗೆ ಬಸಳೆಯೂ ಬೇಕು. ಅರ್ಧ ಚಪ್ಪರ ನಿಮಗೆ, ಅರ್ಧ ನನಗೆ" ಎಂದು ಅವರು ತಮ್ಮ ಪಾಲಿಗೆ ಎಣ್ಣೆ ಹೊಡೆದರು.

ಅಲ್ಲಿದ್ದ ಹುಳುಗಳೆಲ್ಲ ಈಗ ನನ್ನ ಅರ್ಧಕ್ಕೆ ಜಿಗಿದಿವೆ. ಒಪ್ಪಂದ ಅವಕ್ಕೂ ಅರ್ಥವಾದಂತಿದೆ.