ಟೀಚರ್ ಮನೆಯ ಸೌಂಡ್ ಕಾರ್ಡು

ಕತ್ರಿಗುಪ್ಪೆಯಲ್ಲಿ ನಾನು ಬಾಡಿಗೆಗಿರುವ ಮನೆಯ ಓನರ್ ರಿಟೈರ್ ಆದ ಕನ್ನಡ ಟೀಚರ್. ಅವರು ಕೆಳಗೆ, ನಾನು ಮಹಡಿ ಮೇಲೆ. ಬೆಳಿಗ್ಗೆ ತಿಂಡಿ ಮುಗಿಸಿ ಅವರು ಹಾಲ್‌ನ ಮೂಲೆಯ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಕಣ್ಣು ಕಾಣದವರು ಕೇಳಿ ಓದಿಕೊಳ್ಳಲಿ ಅಂತ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುತ್ತಾರೆ.

ಆ ವರ್ಷ ಅವರು ಓದುತ್ತಿದ್ದದ್ದು ಒಬ್ಬಳೇ ಒಬ್ಬಳಿಗಾಗಿ. ಗದಗದ ಕಡೆಯ ಹೆಣ್ಣುಮಗಳು, ಹುಟ್ಟಿನಿಂದಲೇ ಕಣ್ಣಿಲ್ಲ. ಬ್ಯಾಂಕಿನಲ್ಲಿ ಕೆಲಸ, ಬಿಟಿಎಂ ಲೇಔಟಿನ ಪಿಜಿಯಲ್ಲಿ ವಾಸ, ಜೊತೆಗೆ ಅಂಚೆ ಶಿಕ್ಷಣದಲ್ಲಿ ಕನ್ನಡ ಎಂಎ. ಭಾಷಾ ಚರಿತ್ರೆಯ ದಪ್ಪ ಪುಸ್ತಕವೊಂದನ್ನು ಟೀಚರ್ ಎರಡು ತಿಂಗಳಿಂದ ಓದುತ್ತಿದ್ದರು. ಪರೀಕ್ಷೆಗೆ ಹತ್ತು ದಿನ ಇತ್ತು. ಭಾನುವಾರ ಬಂದು ಪೂರ್ತಿ ಪುಸ್ತಕವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋಗುತ್ತೇನೆ ಅಂತ ಆಕೆ ಫೋನ್ ಮಾಡಿದ್ದಳು.

ಗುರುವಾರ ನಾನೊಂದು ಉಪಕಾರ ಮಾಡಿದೆ. ಟೀಚರಿಗೆ ಅಕ್ಷರ ದೊಡ್ಡದಾಗಿ ಕಾಣಲಿ ಅಂತ ನನ್ನ ಬಳಿ ಸುಮ್ಮನೆ ಬಿದ್ದಿದ್ದ ದೊಡ್ಡ ಮಾನಿಟರನ್ನು ಕೆಳಗೆ ತಂದೆ. ಮೇಜಿನ ಕೆಳಗಿದ್ದ ಕಂಪ್ಯೂಟರ್ ಡಬ್ಬಿಯನ್ನು ಎಳೆದು ತಿರುಗಿಸಿ, ಹಳೆ ಕೇಬಲ್ ಕಿತ್ತು ಹೊಸದು ಸಿಕ್ಕಿಸಿದೆ. "ಅಬ್ಬಾ, ಸಿನಿಮಾ ಪರದೆ ಥರ ಇದೆ ಕಣೋ!" ಅಂದರು ಟೀಚರ್. ಶುಕ್ರವಾರ ಅವರು, ಓದಿ ಮುಗಿಸಿಟ್ಟಿದ್ದ ಕೊನೆಯ ಅಧ್ಯಾಯ ಒಮ್ಮೆ ಕೇಳೋಣ ಅಂತ ಒತ್ತಿದರೆ ಸದ್ದೇ ಇಲ್ಲ.

"ಬಾರಪ್ಪಾ ಸ್ವಲ್ಪ. ಓಡ್ತಾ ಇದೆ, ಮಾತಾಡ್ತಿಲ್ಲ."

ಹೋಗಿ ನೋಡಿದೆ. ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದವು, ಸ್ಪೀಕರ್ ಮಾತ್ರ ಮೌನ. ವಾಲ್ಯೂಮ್ ಏರಿಸಿದೆ. ಮ್ಯೂಟ್ ಆಗಿದೆಯಾ ನೋಡಿದೆ. ಸ್ಪೀಕರಿನ ಹಸಿರು ದೀಪ ಉರಿಯುತ್ತಿತ್ತು. ಪಿನ್ ಕಿತ್ತು ಮತ್ತೆ ಸಿಕ್ಕಿಸಿದೆ. ಮೇಲಿಂದ ನನ್ನ ಸ್ಪೀಕರ್ ತಂದು ಹಾಕಿದರೂ ಅಷ್ಟೇ. ಮೂರು ಸಲ ಆಫ್ ಮಾಡಿ ಆನ್ ಮಾಡಿದೆ. ಆಮೇಲೆ ಒಂದು ವಿಡಿಯೋ ನೋಡಿ, ಸೌಂಡ್ ನಡೆಸುವ ಡ್ರೈವರ್ ಅನ್ನೋ ಸಾಫ್ಟ್‌ವೇರ್ ತೆಗೆದು ಹೊಸದಾಗಿ ಹಾಕಲು ಹೋದೆ. ತೆಗೆದದ್ದಷ್ಟೇ ಬಂತು, ಹಾಕಲಿಕ್ಕಾಗಲಿಲ್ಲ. ಪರದೆಯ ಮೂಲೆಯಲ್ಲಿದ್ದ ಸ್ಪೀಕರ್ ಚಿತ್ರದ ಮೇಲೆ ಕೆಂಪು ಗುರುತು ಕೂತುಬಿಟ್ಟಿತು.

"ರೆಕಾರ್ಡ್ ಮಾಡಿದ್ದೇ ಹೋಗಿಬಿಡ್ತಾ?" ಅಂತ ಟೀಚರ್ ಮೆಲ್ಲಗೆ ಕೇಳಿದರು.

"ಗೊತ್ತಾಗ್ತಿಲ್ಲ ಟೀಚರ್," ಅಂದೆ. ಒಂದು ಫೈಲನ್ನು ಮೊಬೈಲಿಗೆ ಹಾಕಿ ಕೇಳಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆ ಬುದ್ಧಿ ನನಗೆ ಹೊಳೆಯಲೇ ಇಲ್ಲ.

ಶನಿವಾರ ಬೆಳಿಗ್ಗೆ ಕೆಳಗಿನಿಂದ ಅವರ ದನಿ ಕೇಳಿಸಿತು. ಇಳಿದು ನೋಡಿದರೆ, ಮೊಬೈಲನ್ನು ಎದುರಿಗಿಟ್ಟುಕೊಂಡು ಆಕೆಗೆ ಆಗಲೇ ಕಳಿಸಿದ್ದ ಮೂರು ಅಧ್ಯಾಯ ಬಿಟ್ಟು, ನಾಲ್ಕನೆಯದರ ಮೊದಲನೇ ಪುಟದಿಂದ ಮತ್ತೆ ಓದುತ್ತಿದ್ದರು. ಒಂದು ಮಾತು ಬೈಯಲಿಲ್ಲ. ಪಕ್ಕದಲ್ಲಿ ಬಿಸಿನೀರಿನ ಲೋಟ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ನನಗೆ.

ಭಾನುವಾರ ಹನ್ನೊಂದಕ್ಕೆ ಆಕೆ ಆಟೋದಲ್ಲಿ ಬಂದಳು. ಮೂವತ್ತು ದಾಟಿರಬಹುದು. ಕೋಲು ಮಡಚಿ ಬ್ಯಾಗಿಗೆ ಹಾಕಿಕೊಂಡು ಸೋಫಾದಲ್ಲಿ ಕೂತಳು. ನಾನು "ನಮಸ್ಕಾರ" ಅಂದೆ.

"ಮ್ಯಾಲಿನವರಲ್ಲೇನ್ರಿ ನೀವು?" ಅಂತ ನಕ್ಕಳು. "ನಿಮ್ಮ ಚಪ್ಪಲಿ ಸಪ್ಪಳ ಗೊತ್ತೈತ್ರಿ ನನಗ. ಮೂರನೇ ಪಾಠದಾಗ ಮೆಟ್ಟಿಲ ಇಳೀತೀರಿ. ಟೀಚರ್ ಓದೂದು ನಿಲ್ಲಿಸಿ 'ಗೇಟ್ ಹಾಕ್ಕೊಂಡ್ ಹೋಗಪ್ಪಾ' ಅಂತಾರ."

ಟೀಚರ್ ಆಗಲೇ ಕಳಿಸಿದ್ದ ರೆಕಾರ್ಡಿಂಗಿನಲ್ಲಿ ನಾನೂ ಬಿದ್ದಿದ್ದೆ. ನಾನು ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದೆ. ಆಕೆ ಗಾಬರಿಯಾಗಲಿಲ್ಲ.

"ಕಣ್ಣಿದ್ದವರು ನೀವು, ಪರದೆ ನೋಡಿ ಕೆಲಸ ಮಾಡ್ತೀರಿ. ನನಗ ಸೌಂಡೇ ಪರದೆ. ಅದು ಹ್ವಾದ್ರ ನನ್ನ ಕಂಪ್ಯೂಟರ್ ಒಂದು ಕಲ್ಲು. ಹಂಗಾಗಿ ಇದನ್ನ ಕಲ್ತೀನ್ರಿ. ಸ್ಪೀಕರ್ ಪಿನ್ ಕಿತ್ತು ತುದಿಗೆ ಬೆರಳ ಮುಟ್ಟಿಸ್ರಿ."

ಮುಟ್ಟಿಸಿದೆ. ಸ್ಪೀಕರಿನಿಂದ ಗುಂಯ್ ಅಂತ ಸದ್ದು ಬಂತು.

"ಸ್ಪೀಕರ್ ಛಲೋ ಐತಿ. ವೈರೂ ಛಲೋ ಐತಿ." ಆಮೇಲೆ ತನ್ನ ಬ್ಯಾಗಿನಿಂದ ಯುಎಸ್‌ಬಿ ಇಯರ್‌ಫೋನ್ ತೆಗೆದುಕೊಟ್ಟಳು. "ಇದಕ್ಕ ಒಳಗಿನ ಸೌಂಡ್ ಕಾರ್ಡ್ ಬೇಕಾಗಿಲ್ರಿ." ಸಿಕ್ಕಿಸಿ, ಕೊನೆಯ ಅಧ್ಯಾಯ ಹಾಕಿದೆ. ಕಿವಿಗಿಟ್ಟುಕೊಂಡು ಕೇಳಿದಳು. ಮುಖ ಅರಳಿತು. ಒಂದು ಕಿವಿಯದನ್ನು ತೆಗೆದು ಟೀಚರ್ ಕೈಗೆ ಕೊಟ್ಟಳು.

ತಮ್ಮದೇ ದನಿ ಕೇಳಿದ ಟೀಚರ್ ಕುರ್ಚಿಯಲ್ಲಿ ಹಾಗೇ ಒರಗಿದರು. "ಇದೆ ಕಣೋ, ಎಲ್ಲಾ ಇದೆ! ಅಯ್ಯೋ, ಕುಕ್ಕರ್ ಕೂಗಿದ್ದೂ ಬಿದ್ದಿದೆಯಲ್ಲಮ್ಮ ಇದರಲ್ಲಿ. ಅದನ್ನ ತೆಗೆಸ್ಬೇಕು."

"ತೆಗಿಸಬ್ಯಾಡ್ರಿ ಟೀಚರ್. ಪಿಜಿ ರೂಮಿನಾಗ ಒಬ್ಬಾಕಿನ ಕುಂತು ಕೇಳ್ತಿರ್ತೀನಿ. ಕುಕ್ಕರ್ ಕೂಗಿದ್ರ ಯಾರದೋ ಮನ್ಯಾಗ ಕುಂತಂಗ ಆಗ್ತೈತಿ."

ಟೀಚರ್ ಆಕೆಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಆಮೇಲೆ ಆಕೆ, ಕಂಪ್ಯೂಟರಿಗೆ ಗೊತ್ತಿರುವ ಸೌಂಡ್ ಸಾಧನಗಳ ಲಿಸ್ಟನ್ನು ನನ್ನಿಂದ ಓದಿಸಿದಳು. ಅದರಲ್ಲಿ ಆಕೆಯ ಇಯರ್‌ಫೋನ್ ಒಂದೇ ಇತ್ತು. "ಕಾರ್ಡಿನ ಹೆಸರೇ ಇಲ್ಲ ಅಂದ್ರ ಅದು ಕಂಪ್ಯೂಟರಿಗೆ ಮುಟ್ಟೇ ಇಲ್ಲ. ಕರೆಂಟ್ ತೆಗೆದು ಡಬ್ಬಿ ಬಿಚ್ಚರಿ."

ಬಿಚ್ಚಿದೆ. ಒಳಗೆ ಬೆರಳುದಪ್ಪ ಧೂಳು. ಸೌಂಡ್ ಕಾರ್ಡನ್ನು ತೋರಿಸಲು ಹೋಗಿ, ತೋರಿಸಿ ಪ್ರಯೋಜನವಿಲ್ಲವೆಂದು ನೆನಪಾಗಿ, ಆಕೆಯ ಕೈಯನ್ನು ಅದರ ಬಳಿಗೆ ಒಯ್ದೆ. ಬೆರಳುಗಳು ಕಾರ್ಡಿನ ಅಂಚಿನ ಮೇಲೆ ಈ ತುದಿಯಿಂದ ಆ ತುದಿಗೆ ಹರಿದು ನಿಂತವು.

"ಈ ಕಡಿ ಎದ್ದೈತಿ ನೋಡ್ರಿ. ಡಬ್ಬಿ ಯಾರರ ಜಗ್ಗ್ಯಾಡೀರೇನು?"

ಜಗ್ಗಿದ್ದು ನಾನೇ, ಗುರುವಾರ. ಟೀಚರ್ ನನ್ನ ಮುಖ ನೋಡಿ, "ಅಕ್ಷರ ದೊಡ್ಡದಾಗಿ ಕಾಣ್ತಿದೆಯಲ್ಲ, ಬಿಡು," ಅಂದರು.

ಕಾರ್ಡನ್ನು ನಿಧಾನವಾಗಿ ಒತ್ತಿದೆ. ಟಕ್ಕೆಂದು ಕೂತಿತು. ಕಂಪ್ಯೂಟರ್ ಹಾಕಿ ಕಾದೆವು. ಡ್ರೈವರ್ ತಾನಾಗಿಯೇ ಬಂತು, ಕೆಂಪು ಗುರುತು ಹೋಯಿತು. ಹಾಲ್ ಪೂರ್ತಿ ಟೀಚರ್ ದನಿ ತುಂಬಿಕೊಂಡಿತು. ಟೀಚರ್ ಎದ್ದು, "ಬಿಸಿಬೇಳೆಬಾತ್ ಮಾಡಿದೀನಿ, ಇಬ್ರೂ ಊಟ ಮಾಡ್ಕೊಂಡೇ ಹೋಗ್ಬೇಕು," ಅಂತ ಅಡುಗೆಮನೆಗೆ ಹೋದರು. ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೂ ಕಾಣದಂತಿದ್ದೆ.

ಆಕೆ ಆ ಪರೀಕ್ಷೆ ಪಾಸಾದಳು. ಈಗ ಕೊನೆಯ ವರ್ಷ. ಟೀಚರಿಗೆ ಗಂಟಲು ಬೇಗ ದಣಿಯುತ್ತದೆ, ಅದಕ್ಕೆ ಅರ್ಧ ಪಾಠಗಳನ್ನು ನಾನೇ ಓದುತ್ತೇನೆ. ಮೊನ್ನೆ ಆಕೆಯ ಮೆಸೇಜ್ ಬಂದಿತ್ತು: "ಸರ್, ನೀವು ಭಾಳ ಗಡಿಬಿಡಿ ಮಾಡ್ತೀರಿ. ವಾಕ್ಯ ಮುಗಿದ ಮ್ಯಾಲ ಒಂಚೂರು ನಿಂದರ್ರಿ. ನಾನೇನು ಎಲ್ಲೂ ಓಡಿಹೋಗೂದಿಲ್ಲ." ಟೀಚರಿಗೆ ಓದಿ ಹೇಳಿದೆ. ಮೂವತ್ತು ವರ್ಷ ಪಾಠ ಮಾಡಿದ ಅವರು, ಆ ಹುಡುಗಿ ಹೇಳಿದ್ದೇ ಸರಿ ಅಂತ ತೀರ್ಪು ಕೊಟ್ಟರು.