ಶಟರಿನ ಹಿಂದಿನ ಟಿಕ್ ಟಿಕ್

ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಜನರ ಮನೆಸಾಮಾನನ್ನು ಬಾಡಿಗೆಗೆ ಕಾಯುವ ನಮ್ಮ ಗೋದಾಮಿನಲ್ಲಿ, ಬೀಗ ಹಾಕಿದ ಶಟರೊಂದಕ್ಕೆ ಕಿವಿಗೊಟ್ಟು ನಾನು, ಕಾವಲುಗಾರ ಶರಣಪ್ಪ, ಇಬ್ಬರು ಹಮಾಲರು ನಿಂತಿದ್ದೆವು.

“ಒಳಗ ಟಿಕ್ ಟಿಕ್ ಅನ್ಲಿಕತ್ತದ್ರಿ ಸಾಹೇಬ್ರ. ಬಾಂಬ್ ಇದ್ರ?” ಎಂದ ಶರಣಪ್ಪ.

ಫೋನ್ ಮಾಡಿದ್ದಕ್ಕೆ ಡೊಂಬಿವಲಿಯಿಂದ ಓಡಿಬಂದ, ಆ ಕೋಣೆ ಬಾಡಿಗೆ ಹಿಡಿದಿದ್ದ ವಾರಿಜಕ್ಕ ಬೀಗ ತೆಗೆದರು. ಕಪಾಟಿಗೆ ತೂಗುಹಾಕಿದ ಹಳೆಯ ಗೋಡೆ ಗಡಿಯಾರ ನಡೆಯುತ್ತಿತ್ತು.

“ನಮ್ಮ ಬಿಲ್ಡಿಂಗ್ ಕೆಡವಿದ್ರಲ್ಲ, ಹೊಸ ಮನೆ ಸಿಗುವವರೆಗೆ ಇದಾದ್ರೂ ನಡೀಲಿ ಮಾರಾಯ್ರೆ. ಇರುವಷ್ಟು ದಿನ ಅವರೇ ವಾರ ವಾರ ಕೀಲಿ ಕೊಡ್ತಿದ್ದದ್ದು, ಈಗ ನಾನು ಬಂದು ಕೊಡ್ತೇನೆ,” ಎಂದು ತೀರಿಹೋದ ಗಂಡನನ್ನು ನೆನೆದರು.

ನಡೆಯುವ ಯಂತ್ರ ಒಳಗಿಡಬಾರದೆಂದು ನಿಯಮ. ತಂಡದ ಹೊಣೆ ನನ್ನದು. ಇರಲಿ ಬಿಡಿ ಎಂದೆ.

ಮೊನ್ನೆ ಮಳೆಗೆ ಲೋಕಲ್ ರೈಲು ನಿಂತು, ಕೀಲಿ ಕೊಡಲು ಬರಲಾಗದೆ ಅವರು ಫೋನ್ ಮಾಡಿದರು: “ನಡೀತಾ ಉಂಟಾ?” ಮೊಬೈಲನ್ನು ಶಟರಿಗೆ ಹಿಡಿದೆ. ವಾರಿಜಕ್ಕ ಬಹಳ ಹೊತ್ತು ಫೋನ್ ಇಡಲಿಲ್ಲ.