ಬೂಟು ಬಿಟ್ಟರೆ ಬೈಯುವ ಮಾಸಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೆನಡಾದ ಹರ್ಸ್ಟ್ ಊರಿನ ಹೊರಗೆ, ಡೀಸೆಲ್ ಬಂಕಿನ ಹಿಂದಿನ ಅಂಗಳದಲ್ಲಿ ಲಾರಿಗಳು ಗುರುಗುಟ್ಟುತ್ತ ಸಾಲಾಗಿ ನಿಂತಿವೆ. ಮೂಗಿನೊಳಗಿನ ಕೂದಲೂ ಗರಿಗರಿಯಾಗುವ ಚಳಿ. ಅಂಥದ್ದರಲ್ಲಿ, ಲಾರಿ ಹುಡುಗರೆಲ್ಲ ಮಾಸಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ನಸೀಬ್ ಕೌರ್ ಗರೇವಾಲ್ ಒಂದು ಲಾರಿಯ ಬಾಗಿಲನ್ನು ಕಬ್ಬಿಣದ ಸರಳಿನಿಂದ ದಬದಬ ಬಡಿಯುತ್ತಿದ್ದಾರೆ.

"ಓಯ್ ಮಹಾರಾಜ! ಇಂಜಿನ್ ಆಫ್ ಮಾಡು."

ಕಿಟಕಿಯ ಗಾಜು ನಾಲ್ಕು ಬೆರಳು ಇಳಿಯುತ್ತದೆ. ಒಳಗಿರುವವನು ಇಕ್ಬಾಲ್‌ಪ್ರೀತ್, ಪಂಜಾಬಿನ ಮೋಗಾದಿಂದ ಕೆನಡಾಕ್ಕೆ ಬಂದು ಇದು ಮೊದಲ ಚಳಿಗಾಲ. ಮೈಮೇಲೆ ಅರ್ಧ ತೋಳಿನ ಅಂಗಿ.

"ಆಫ್ ಮಾಡಿದ್ರೆ ಚಳಿ ಆಗತ್ತಲ್ಲ, ಮಾಸೀಜಿ?"

"ಆಗ್ಲಿ ಅಂತಾನೇ ಹೇಳಿದ್ದು. ನಿನ್ನ ಲಾರಿ ಈಗ ಹಳ್ಳಕ್ಕೆ ಬಿದ್ದಿದೆ ಅಂದ್ಕೋ. ಇಂಜಿನ್ ಸತ್ತಿದೆ, ಫೋನಿಗೆ ಸಿಗ್ನಲ್ ಇಲ್ಲ. ಏನ್ಮಾಡ್ತೀಯ?"

"ಇಳಿದು ಯಾರಾದ್ರೂ ಬರ್ತಾರಾ ನೋಡ್ತೀನಿ."

"ಯಾವ ಕಾಲಲ್ಲಿ ಇಳೀತೀಯ?"

ಅವನು ಬಗ್ಗಿ ನೋಡಿಕೊಳ್ಳುತ್ತಾನೆ. ಕಾಲಲ್ಲಿ ತೆಳ್ಳನೆಯ ಕಾಲುಚೀಲ, ಅಷ್ಟೆ. ಬೂಟುಗಳು ಕ್ಯಾಬಿನ್ನಿನ ಹೊರಗೆ, ಮೆಟ್ಟಿಲ ಪಕ್ಕದ ಸಾಮಾನಿನ ಪೆಟ್ಟಿಗೆಯಲ್ಲಿವೆ. ಪೆಟ್ಟಿಗೆಯ ಬೀಗ ಹೆಪ್ಪುಗಟ್ಟಿ ಕಲ್ಲಾಗಿದೆ. ಕೀಲಿ ಒಳಗೇ ಹೋಗುವುದಿಲ್ಲ.

ಇದು ಇವನೊಬ್ಬನ ಕಥೆಯಲ್ಲ. ಈ ಹನ್ನೊಂದನೇ ನಂಬರಿನ ಹೆದ್ದಾರಿಯಲ್ಲಿ ಓಡಾಡುವ ಪಂಜಾಬಿ ಹುಡುಗರಲ್ಲಿ ಎಷ್ಟೋ ಜನ ಹೀಗೇ. ಗಾಜಿನ ಮೇಲೆ ಗುರು ನಾನಕರ ಚಿತ್ರ, ಕೆಳಗೆ ರತ್ನಗಂಬಳಿ. ಕ್ಯಾಬಿನ್ನೆಂದರೆ ಅವರಿಗೆ ಮನೆ, ಅರ್ಧ ಗುಡಿ. ಹೀಟರ್ ಓಡುತ್ತಿರುವವರೆಗೆ ಅಲ್ಲಿ ಬೇಸಿಗೆ, ಹೊರಗಿನದು ಬೇರೆ ಯಾರದೋ ಲೋಕ.

"ಗುರು ಮಹಾರಾಜರ ಮುಂದೆ ಬೂಟು ಹೇಗೆ ತರೋದು ಮಾಸೀಜಿ? ನಮ್ಮಮ್ಮ, ಬೀಜಿ, ಆಣೆ ಮಾಡಿಸ್ಕೊಂಡು ಕಳ್ಸಿದಾಳೆ."

ನಸೀಬ್ ಕೌರ್‌ಗೆ ರೇಗಿಹೋಗುತ್ತದೆ. "ನಿನ್ನ ಬೀಜಿ ಕಾಲಿಲ್ಲದ ಮಗನ್ನ ಕಳ್ಸಿ ಅಂದಿದ್ಲಾ? ಗುರು ಮಹಾರಾಜರು ಎಷ್ಟು ದೇಶ ನಡೆದ್ರು, ಬರಿಗಾಲಲ್ಲಿ ಹಿಮ ತುಳೀರಿ ಅಂತ ಎಲ್ಲಾದ್ರೂ ಹೇಳಿದಾರೇನೋ, ಗೂಬೆ! ಬೂಟನ್ನ ಬಟ್ಟೆ ಚೀಲದಲ್ಲಿ ಸುತ್ತು, ಸೀಟಿನ ಕೆಳಗಿಡು. ಕೈಗೆ ಸಿಗೋ ಹಾಗಿರ್ಬೇಕು. ಪಾಪ ಬಂದ್ರೆ ನನ್ನ ಲೆಕ್ಕಕ್ಕೆ ಬರ್ಲಿ."

ಈ ಸಿಟ್ಟು ಸುಮ್ಮನೆ ಬಂದದ್ದಲ್ಲ. ಪಂಜಾಬಿನ ಜಗರಾಂವ್ ಕಡೆಯಿಂದ ಮದುವೆಯಾಗಿ ಬಂದ ನಸೀಬ್ ಕೌರ್, ಗಂಡ ದರ್ಬಾರಾ ಸಿಂಗರ ಜೊತೆ ಸರದಿಯಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿದವರು. ಮೊಣಕಾಲು ಕೈಕೊಟ್ಟ ಮೇಲೆ ಇಬ್ಬರೂ ಇಲ್ಲೇ ನೆಲೆ ನಿಂತರು. ಈಗ ಬಂಕಿನ ಅಡುಗೆಮನೆ ಇವರದು. ಪರಾಠಾ, ರಾಜ್ಮಾ, ಚಹಾ. ಅದು ಹೊಟ್ಟೆಪಾಡು. ಬೆಳಗಿನ ಈ ಬೈಗುಳದ ಪಾಠಕ್ಕೆ ಯಾರೂ ಏನೂ ಕೊಡುವುದಿಲ್ಲ. ದಿನಕ್ಕೆ ಎಷ್ಟು ಜನರಿಗೆ ಕಲಿಸುತ್ತೀರಿ ಎಂದರೆ, "ಎಣಿಸೋಕೆ ನಾನೇನು ಬ್ಯಾಂಕಾ?" ಎನ್ನುತ್ತಾರೆ.

ಅವರ ಅಕ್ಕನ ಮಗ ಜಗರೂಪನೂ ಕಾಲುಚೀಲದಲ್ಲೇ ಲಾರಿ ಓಡಿಸುತ್ತಿದ್ದವನು. ಹರ್ಸ್ಟ್ ದಾಟಿದರೆ ಲಾಂಗ್‌ಲ್ಯಾಕ್‌ವರೆಗೆ ಕಾಡೇ ಕಾಡು. ನಡುವೆ ಎಲ್ಲೋ ಎದುರಿನ ಲಾರಿಯನ್ನು ತಪ್ಪಿಸಲು ಹೋಗಿ ಹಳ್ಳಕ್ಕಿಳಿದ. ಬೂಟಿನ ಪೆಟ್ಟಿಗೆಯಿದ್ದ ಮಗ್ಗುಲೇ ಹಿಮದಲ್ಲಿ ಹೂತಿತ್ತು. ದೂರದಲ್ಲಿ ದೀಪ ಕಂಡಂತಾಗಿ ನಡೆದುಬಿಟ್ಟ. ಜೀವ ಉಳಿಯಿತು, ಪಾದಗಳು ಉಳಿಯಲಿಲ್ಲ. ಈಗ ಬ್ರಾಂಪ್ಟನ್‌ನ ಗುರುದ್ವಾರದ ಬಾಗಿಲಲ್ಲಿ ಗಾಲಿಕುರ್ಚಿಯಲ್ಲಿ ಕೂತು, ಬಂದವರ ಬೂಟುಗಳನ್ನು ಒರೆಸಿ ಜೋಡಿಸಿಡುವ ಸೇವೆ ಮಾಡುತ್ತಾನೆ.

"ಅವನಿಗೆ ಕಂಪನಿಯೋರು ಚಳಿಗಾಲದ ತರಬೇತಿ ಕೊಟ್ಟಿದ್ರಂತೆ," ನಸೀಬ್ ಕೌರ್ ಹಲ್ಲು ಕಡಿಯುತ್ತಾರೆ. "ಯಾವಾಗ? ಜುಲೈನಲ್ಲಿ! ಎಸಿ ರೂಮಲ್ಲಿ ಒಂದು ವಿಡಿಯೋ ತೋರ್ಸಿ, ಸಮೋಸಾ ತಿನ್ಸಿ ಕಳ್ಸಿದ್ರು. ನಾಚಿಕೆ ಇಲ್ದೋರು."

ಅಂಗಳದಲ್ಲಿ ಪಾಠ ಮುಂದುವರಿಯುತ್ತದೆ. ಬಿಸಿನೀರು ಹಾಕಬೇಡ, ಮತ್ತೆ ಹೆಪ್ಪುಗಟ್ಟುತ್ತದೆ ಎಂದು ಬೈದು, ಕೀಲಿಯನ್ನೇ ಲೈಟರಿನಲ್ಲಿ ಕಾಯಿಸಿ ಬೀಗ ತೆಗೆಸುತ್ತಾರೆ. ಬೂಟು ತೊಡಿಸುತ್ತಾರೆ. ಎಚ್ಚರಿಕೆಯ ತ್ರಿಕೋನಗಳನ್ನು ಲಾರಿಯ ಹಿಂದೆ ಇಡಿಸಿ, ಗಾಳಿಗೆ ಬೀಳದಂತೆ ಬುಡಕ್ಕೆ ಹಿಮ ಒತ್ತಿಸುತ್ತಾರೆ. ಇಂಜಿನ್ ಬದುಕಿದ್ದರೆ ಮೊದಲು ಹೊಗೆಕೊಳವೆಯ ಸುತ್ತಲಿನ ಹಿಮ ತೆಗೆ, ಇಲ್ಲದಿದ್ದರೆ ಹೊಗೆ ಒಳಗೇ ತುಂಬಿ ನಿದ್ದೆಯಲ್ಲೇ ಹೋಗುತ್ತೀಯ. ಯಾವ ದೀಪ ಕಂಡರೂ ಲಾರಿ ಬಿಟ್ಟು ನಡೆಯಬೇಡ. ಈ ಕೊನೆಯ ಮಾತನ್ನು ಅವರು ಅವನ ಬಾಯಿಂದಲೇ ಮತ್ತೆ ಮತ್ತೆ ಹೇಳಿಸುತ್ತಾರೆ.

ಆಗ ಹುಡುಗನ ಫೋನು ಬಡಿದುಕೊಳ್ಳುತ್ತದೆ. ಟೊರಾಂಟೊ ಕಡೆಯ ಅವನ ಕಂಪನಿಯಲ್ಲಿ ಲಾರಿಗಳನ್ನು ಹೊರಡಿಸುವ ಆಸಾಮಿ.

"ಏನಯ್ಯಾ, ಇಂಜಿನ್ ಯಾಕೆ ನಿಂತಿದೆ? ಇಲ್ಲಿ ಸ್ಕ್ರೀನ್ ಮೇಲೆ ಎಲ್ಲಾ ಕಾಣ್ತಿದೆ. ಥಂಡರ್ ಬೇಗೆ ಲೋಡ್ ಲೇಟಾದ್ರೆ ಇನ್ನು ಬರೋದೇ ಬೇಡ, ತಿಳೀತಾ?"

ಇಕ್ಬಾಲ್‌ಪ್ರೀತನ ಬಾಯಿಂದ ಜೀ, ಜೀ ಎಂಬುದಷ್ಟೇ ಹೊರಡುತ್ತದೆ. ಅವನ ಕೆಲಸದ ಪರವಾನಗಿ ಇದೇ ಕಂಪನಿಗೆ ಕಟ್ಟಿಬಿದ್ದಿದೆ. ಕೆಲಸ ಹೋದರೆ ದೇಶವೇ ಬಿಡಬೇಕಾದೀತು. ಅದು ಗೊತ್ತಿದ್ದೇ ಆ ಕಡೆಯವನು ಹೀಗೆ ಮಾತಾಡುವುದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹುಡುಗ ಹೊರಡಲು ಮೆಟ್ಟಿಲಿಗೆ ಕಾಲಿಡುತ್ತಾನೆ. ನಸೀಬ್ ಕೌರ್ ಅವನ ತೋಳು ಹಿಡಿದು ಫೋನು ಕಸಿದುಕೊಳ್ಳುತ್ತಾರೆ.

"ನಾನು ಇವನ ಮಾಸಿ ಮಾತಾಡ್ತಿರೋದು. ಇಂಜಿನ್ ನಿಂತಿದ್ದು ಕಾಣತ್ತಲ್ಲ ನಿನಗೆ, ಇಷ್ಟು ದಿನ ಹುಡುಗನ ಕಾಲಲ್ಲಿ ಬೂಟಿಲ್ಲದ್ದು ಕಾಣಲಿಲ್ವಾ?"

"ಬೀಬೀಜಿ, ನೀವು ಅಡುಗೆ ಮಾಡ್ಕೊಂಡಿರಿ. ಸುಮ್ನೆ ಮಧ್ಯ ಬರ್ಬೇಡಿ."

"ಮಾಡ್ತೀನಪ್ಪಾ. ನೀನು ಕಳ್ಸಿದೋರೆಲ್ಲ ಬದುಕಿದ್ರೆ ತಾನೇ ತಿನ್ನೋಕೆ ಬರೋದು!" ಫೋನು ಕಟ್ಟಾಗುತ್ತದೆ.

ಇಕ್ಬಾಲ್‌ಪ್ರೀತ್ ಮೆಟ್ಟಿಲ ಮೇಲೇ ನಿಂತಿದ್ದಾನೆ. ಕೀಲಿ ಅವನ ಕೈಯಲ್ಲೇ ಇದೆ. ಹೊರಟರೆ ತಡೆಯಲು ನಸೀಬ್ ಕೌರ್ ಪೊಲೀಸರೇನಲ್ಲ. "ನೋಡು ಪುತ್ತರ್," ಈಗ ಅವರ ದನಿ ತಗ್ಗಿದೆ. "ಕೆಲಸ ಹೋದ್ರೆ ಇನ್ನೊಂದು ಹುಡುಕೋಣ, ನಾನೂ ನಾಲ್ಕು ಜನರ ಕಾಲು ಹಿಡೀತೀನಿ. ಕಾಲು ಹೋದ್ರೆ ಎಲ್ಲಿಂದ ತರ್ಲಿ?"

ಹುಡುಗ ಮೆಟ್ಟಿಲಿಳಿದು ಹೋಗಿ ಸಲಿಕೆ, ಮೇಣದ ಬತ್ತಿ, ಉಣ್ಣೆಯ ಕಂಬಳಿ, ಎಲ್ಲವನ್ನೂ ಹೊರಗಿನ ಪೆಟ್ಟಿಗೆಯಿಂದ ಕ್ಯಾಬಿನ್ನಿಗೆ ಸಾಗಿಸತೊಡಗುತ್ತಾನೆ. ಚಿತ್ರದ ಮುಂದೆ ಒಮ್ಮೆ ಕೈಮುಗಿದು, ಬೂಟು ತೊಟ್ಟೇ ಸೀಟಿನಲ್ಲಿ ಕೂರುತ್ತಾನೆ. ಹೊರಡುವಾಗ ಹೊತ್ತು ಏರಿದೆ. ಸೀಟಿನ ಪಕ್ಕದಲ್ಲಿ ಮಾಸಿ ಕಟ್ಟಿಕೊಟ್ಟ ಪರಾಠಾ ಇದೆ.

ಸಂಜೆ ಅವನಿಂದ ಸಂದೇಶ ಬರುತ್ತದೆ. ಥಂಡರ್ ಬೇ ಮುಟ್ಟಿದ್ದಾನೆ. ದಾರಿಯಲ್ಲಿ ಏನೂ ಆಗಲಿಲ್ಲ. ಆದರೆ ಮುಂದಿನ ಟ್ರಿಪ್ಪನ್ನು ಬೇರೊಬ್ಬನಿಗೆ ಕೊಟ್ಟಿದ್ದಾರಂತೆ, ಇವನು ಆಫೀಸಿಗೆ ಬಂದು ಕಾರಣ ಹೇಳಬೇಕಂತೆ. ಕಾರಣ ಹೇಳಬೇಕಾದವರು ಯಾರು ಎಂದು ಕೇಳುವವರೇ ಇಲ್ಲ. ನಸೀಬ್ ಕೌರ್ ಓದಿ, ಲಟ್ಟಣಿಗೆಯನ್ನು ಮಣೆಯ ಮೇಲೆ ಕುಕ್ಕುತ್ತಾರೆ. ಆಮೇಲೆ ಪರಿಚಯದ ಇನ್ನೊಬ್ಬ ಲಾರಿ ಮಾಲೀಕನಿಗೆ ಫೋನು ಹಚ್ಚಿ, ಹುಡುಗ ಒಳ್ಳೆಯವನು, ನೋಡಿ ಎಂದು ಹೇಳಿಡುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದರೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಯೋಚಿಸುತ್ತಾರೆ.

"ದೊಡ್ಡದೇನಿಲ್ಲ. ಆ ಸ್ಕ್ರೀನ್ ಮುಂದೆ ಕೂತಿರ್ತಾನಲ್ಲ, ಅವನನ್ನ ಒಂದೇ ಒಂದು ಸಲ ಇಲ್ಲಿಗೆ ಕರ್ಕೊಂಡು ಬಂದು, ಈ ಅಂಗಳದಲ್ಲಿ, ಬರೀ ಕಾಲುಚೀಲದಲ್ಲಿ ನಿಲ್ಲಿಸ್ಬೇಕು. ಚಹಾ ಕುದಿಯೋ ಅಷ್ಟು ಹೊತ್ತು ಸಾಕು. ಆಮೇಲೆ ಒಳಗೆ ಕರೆದು ಆ ಚಹಾನೂ ನಾನೇ ಕೊಡ್ತೀನಿ."